ಪ್ರೌಢಶಾಲೆಯ ವಯಸ್ಸಿನ ಮಗುವನ್ನು ಮನೆಯಲ್ಲೇ ಓದಿಸಲು ಹೊರಟವರಿಗೆ

ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿರುವ ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಓದಿಸಬಹುದೇ, ಓದಿಸಿದರೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಎಲ್ಲಿ ಬರೆಸಬೇಕು, ಮುಂದೆ ಪಿಯು ಕಾಲೇಜಿನವರು ಸೇರಿಸಿಕೊಳ್ಳುತ್ತಾರೆಯೇ, ಸಿಇಟಿಯಲ್ಲಿ ತೊಡಕಾಗುವುದಿಲ್ಲವೇ ಎಂಬ ಪ್ರಶ್ನೆಗಳು ಪೋಷಕರಿಂದ ನನಗೆ ಮತ್ತೆ ಮತ್ತೆ ಬರುತ್ತಿರುತ್ತವೆ. ನನ್ನ ಮಗಳು ಎಂಟನೆಯ ತರಗತಿ ಮುಗಿಸಿದ ಮೇಲೆ ಎರಡು ವರ್ಷ ಮನೆಯಲ್ಲಿ ಓದಿ ಹತ್ತನೆಯ ತರಗತಿಯ ಪರೀಕ್ಷೆ ಬರೆದವಳು. ಆ ಎರಡು ವರ್ಷಗಳಲ್ಲಿ ತಿಳಿದದ್ದನ್ನೂ ಆಮೇಲೆ ಇತರ ಮನೆಗಳವರ ಜೊತೆ ಕುಳಿತು ಅರ್ಜಿ ತುಂಬುವಾಗ ಕಲಿತದ್ದನ್ನೂ ಹಂತಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಪದದ ಗೊಂದಲ ಬಗೆಹರಿಯಬೇಕು. ಮನೆಪಾಠ ಎಂದರೆ ನಮ್ಮಲ್ಲಿ ಶಾಲೆ ಬಿಟ್ಟ ಮೇಲೆ ಹೋಗುವ ಟ್ಯೂಷನ್. ಇಲ್ಲಿ ನಾನು ಹೇಳುತ್ತಿರುವುದು ಹೋಂಸ್ಕೂಲಿಂಗ್, ಅಂದರೆ ಮಗು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇಲ್ಲದೆ, ಓದಿನ ಪೂರ್ತಿ ಹೊಣೆಯನ್ನು ಮನೆಯವರೇ ಹೊತ್ತುಕೊಳ್ಳುವ ವ್ಯವಸ್ಥೆ. ಇದನ್ನು ಮನೆಶಾಲೆ ಎಂದು ಕರೆಯುತ್ತೇನೆ. ನಾಲ್ಕನೆಯ ತರಗತಿಯ ಮಗುವಿನ ಮನೆಶಾಲೆಗೂ ಒಂಬತ್ತನೆಯ ತರಗತಿಯವರ ಮನೆಶಾಲೆಗೂ ಬಹಳ ಅಂತರವಿದೆ. ಚಿಕ್ಕ ಮಗುವಿನ ವಿಷಯದಲ್ಲಿ ಒಂದು ವರ್ಷ ಹಿಂದುಮುಂದಾದರೂ ಸರಿಪಡಿಸಿಕೊಳ್ಳಬಹುದು. ಪ್ರೌಢಶಾಲೆಯ ಹಂತದಲ್ಲಿ ಪರೀಕ್ಷೆ, ಪ್ರಮಾಣಪತ್ರ, ಮೀಸಲಾತಿ, ಕಾಲೇಜು ಎಲ್ಲವೂ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದ ಒಂದು ಕಾಗದ ತಪ್ಪಿದರೂ ಅದರ ಪರಿಣಾಮ ಮೂರು ವರ್ಷದ ನಂತರ ಎದುರಾಗುತ್ತದೆ. ಆದ್ದರಿಂದ ಎಲ್ಲಿಂದ ಹೊರಬರುತ್ತೇವೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆಮೇಲೆ ಒಳಗೆ ಕಾಲಿಡಿ ಎಂಬುದು ನನ್ನ ಮುಖ್ಯ ಸಲಹೆ.

1. ಕಾನೂನನ್ನೂ ವಯಸ್ಸನ್ನೂ ಜೊತೆಗಿಟ್ಟು ನೋಡಿ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೆಯ ತರಗತಿಯವರೆಗಿನ ಶಿಕ್ಷಣಕ್ಕೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ತಪ್ಪಿದ ಪೋಷಕರಿಗೆ ಶಿಕ್ಷೆಯನ್ನು ವಿಧಿಸುವುದಿಲ್ಲ, ಮನೆಶಾಲೆಯನ್ನು ಹೆಸರಿಸಿ ಒಪ್ಪುವುದೂ ಇಲ್ಲ. ಕರ್ನಾಟಕದಲ್ಲಿ ಪ್ರೌಢಶಾಲೆ ಆರಂಭವಾಗುವುದೇ ಎಂಟನೆಯ ತರಗತಿಯಿಂದ, ಆಗ ಮಗುವಿಗೆ ಸಾಮಾನ್ಯವಾಗಿ 13 ವರ್ಷ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮಗುವಿಗೆ ಶಾಲೆಯಲ್ಲಿ ತಡೆಯಲಾರದ ತೊಂದರೆ ಇಲ್ಲದಿದ್ದರೆ ಎಂಟನೆಯ ತರಗತಿಯನ್ನು ಶಾಲೆಯಲ್ಲೇ ಮುಗಿಸಲಿ. ಹಾಗೆ ಮಾಡಿದರೆ ಕಾಯ್ದೆಯ ಪ್ರಶ್ನೆಯೂ ಏಳುವುದಿಲ್ಲ, ಮುಂದೆ 3ನೇ ಹಂತದಲ್ಲಿ ಹೇಳುವ ಏಳು ವರ್ಷದ ಲೆಕ್ಕವೂ ತಾನಾಗಿ ಭರ್ತಿಯಾಗುತ್ತದೆ.

2. ಮಗುವನ್ನು ಕೇಳಿ, ಆಮೇಲೆ ಪರೀಕ್ಷೆಯನ್ನು ಆರಿಸಿ

ಹದಿನಾಲ್ಕು ವರ್ಷದ ಮಗುವನ್ನು ಅದರ ಇಚ್ಛೆಗೆ ವಿರುದ್ಧವಾಗಿ ಮನೆಯಲ್ಲಿ ಕೂರಿಸಿ ಓದಿಸಲು ಯಾರಿಂದಲೂ ಆಗುವುದಿಲ್ಲ. ಮಗುವಿಗೇ ಮನೆಯಲ್ಲಿ ಓದಬೇಕೆನಿಸಿದ್ದರೆ ಕಾರಣ ಏನೆಂದು ನಿಧಾನವಾಗಿ ತಿಳಿದುಕೊಳ್ಳಿ. ಕ್ರೀಡೆ, ಸಂಗೀತ ಅಥವಾ ನೃತ್ಯಕ್ಕೆ ಸಮಯ ಬೇಕು, ಆರೋಗ್ಯ ಸರಿಯಿಲ್ಲ, ಓದುವ ವೇಗ ತರಗತಿಗೆ ಹೊಂದುವುದಿಲ್ಲ ಎಂಬಂಥ ಕಾರಣಗಳಿಗೆ ಮನೆಶಾಲೆ ನಿಜವಾಗಿ ಉತ್ತರವಾಗುತ್ತದೆ. ತರಗತಿಯಲ್ಲಿ ಯಾರೋ ಗೋಳು ಹೊಯ್ದುಕೊಳ್ಳುತ್ತಿದ್ದಾರೆ, ಗಣಿತದ ಪಾಠ ಎಂದರೆ ಭಯ ಎಂಬುದು ಕಾರಣವಾಗಿದ್ದರೆ ಶಾಲೆ ಬದಲಿಸುವುದು ಮೊದಲ ಹೆಜ್ಜೆಯಾಗಬೇಕು, ಏಕೆಂದರೆ ಆ ಭಯ ಪುಸ್ತಕದ ಜೊತೆ ಮನೆಗೂ ಬರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ರಜೆಯಲ್ಲಿ ಆರು ವಾರ, ದಿನಕ್ಕೆ ಮೂರು ಗಂಟೆಯಂತೆ ಮುಂದಿನ ತರಗತಿಯ ಪುಸ್ತಕವನ್ನು ಮನೆಯಲ್ಲೇ ಓದಿಸಿ ನೋಡಿ. ಮೊದಲ ವಾರದ ಉತ್ಸಾಹವನ್ನು ನಂಬಬೇಡಿ. ಐದನೆಯ ವಾರ ಹೇಗಿದೆ ಎಂಬುದನ್ನು ಗಮನಿಸಿ.

ಹತ್ತನೆಯ ತರಗತಿಗೆ ನಮ್ಮವರಿಗೆ ಇರುವ ದಾರಿಗಳು ಹೆಚ್ಚಿಲ್ಲ.

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಹೆಚ್ಚಿನ ಮನೆಶಾಲೆಯವರು ಆರಿಸುವ ದಾರಿ. ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ಸ್ವಾಯತ್ತ ಸಂಸ್ಥೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಎಂಬ ಹೆಸರಿನಲ್ಲಿ ಆರಂಭವಾಗಿ 2002ರಲ್ಲಿ ಈಗಿನ ಹೆಸರು ಪಡೆಯಿತು. ಇದರ ಒಂದು ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಸೆಕೆಂಡರಿ ಎಂದು ಕರೆಯುವ ಹತ್ತನೆಯ ತರಗತಿಗೆ ಮಗುವಿಗೆ 14 ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಬೇಕೆನಿಸಿದರೆ ಎರಡು ವಿಷಯಗಳನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಬಹುದು. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಪರೀಕ್ಷೆಗೆ ಒಂಬತ್ತು ಅವಕಾಶಗಳಿವೆ, ಮತ್ತು ಎಲ್ಲ ವಿಷಯಗಳನ್ನೂ ಒಮ್ಮೆಗೇ ಬರೆಯಬೇಕೆಂಬ ಕಡ್ಡಾಯವಿಲ್ಲ. ಈ ಕೊನೆಯ ಸೌಲಭ್ಯದ ಬೆಲೆ ಮನೆಶಾಲೆಯವರಿಗೇ ಗೊತ್ತು. ನನ್ನ ಮಗಳು ಕನ್ನಡ ಮತ್ತು ಸಮಾಜ ವಿಜ್ಞಾನವನ್ನು ಒಂದು ಸಲ, ಉಳಿದ ಮೂರನ್ನು ಆರು ತಿಂಗಳ ನಂತರ ಬರೆದಳು. ಎರಡನೆಯ ಸಲ ಪರೀಕ್ಷಾ ಕೊಠಡಿಗೆ ಹೋಗುವಾಗ ಅವಳ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ, ಅಂದರೆ ಶಾಲೆಗೆ ಹೋಗದೆ ಹೊರಗಿನಿಂದ ಬರೆಯುವವರಾಗಿ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮೂಲಕ ಬರೆಯುವುದು ಎರಡನೆಯ ದಾರಿ. ಮೊದಲ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕಗಳ ಈ ಪರೀಕ್ಷೆಯ ಹೆಸರು ಹಳ್ಳಿಯ ಕಾಲೇಜಿನ ಗುಮಾಸ್ತರಿಗೂ ಗೊತ್ತು, ಅದು ದೊಡ್ಡ ಅನುಕೂಲ. ಏಳೆಂಟು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ರಾಜ್ಯದ ಪಿಯು ಕಾಲೇಜಿಗೇ ಹೋಗುವುದಾದರೆ ನಾನು ಇದನ್ನೇ ಸೂಚಿಸುತ್ತೇನೆ. ಪಠ್ಯಪುಸ್ತಕಗಳೆಲ್ಲ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೂರು ಭಾಷೆಗಳನ್ನು ಓದಲೇಬೇಕು ಎಂಬುದು ಕೆಲವು ಮಕ್ಕಳಿಗೆ ಹೊರೆ. ಮೈಸೂರಿನ ಜೆಎಸ್‌ಎಸ್ ಮಹಾವಿದ್ಯಾಪೀಠ ನಡೆಸುವ ಕರ್ನಾಟಕ ಮುಕ್ತ ಶಾಲೆಯೂ ಇದೆ. ಅದನ್ನು ಆರಿಸುವುದಾದರೆ ನಿಮ್ಮ ಮಗು ಸೇರಬೇಕೆಂದಿರುವ ಕಾಲೇಜಿನಲ್ಲಿ ಮೊದಲೇ ವಿಚಾರಿಸಿ.

ಕೇಂಬ್ರಿಜ್ ಸಂಸ್ಥೆಯ ಐಜಿಸಿಎಸ್‌ಇ ಪರೀಕ್ಷೆಯನ್ನು ಕೆಲವರು ಆರಿಸುತ್ತಾರೆ. ಖಾಸಗಿ ಅಭ್ಯರ್ಥಿಗಳನ್ನು ಒಪ್ಪುವ ಕೇಂದ್ರವನ್ನು ಹುಡುಕಿಕೊಳ್ಳಬೇಕು, ಶುಲ್ಕ ವಿಷಯಕ್ಕಿಷ್ಟು ಎಂದು ಬಹಳವಾಗುತ್ತದೆ. ವಿಜ್ಞಾನದ ಪ್ರಯೋಗಕ್ಕೆ ಬದಲಾಗಿ ಲಿಖಿತ ಪತ್ರಿಕೆಯೊಂದನ್ನು ಬರೆಯಬಹುದೆಂಬುದು ಮನೆಯಲ್ಲಿ ಓದುವವರಿಗೆ ಅನುಕೂಲ. ಮಗು ವಿದೇಶಕ್ಕೆ ಹೋಗಿ ಓದುವ ಯೋಚನೆ ಇಲ್ಲದಿದ್ದರೆ ಅಷ್ಟು ಹಣ ಖರ್ಚು ಮಾಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಪರೀಕ್ಷೆಯೇ ಬೇಡ, ಕಲಿತರೆ ಸಾಕು ಎನ್ನುವ ಪೋಷಕರೂ ಇದ್ದಾರೆ. ಅವರ ಆದರ್ಶದ ಬಗ್ಗೆ ನನಗೆ ಗೌರವವಿದೆ, ಆದರೆ ಒಂದು ಉದಾಹರಣೆಯನ್ನು ಅವರ ಮುಂದಿಡುತ್ತೇನೆ. ಮುಂಬೈಯಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಓದಿದ ಮಾಳವಿಕಾ ರಾಜ್ ಜೋಶಿ ಅಂತಾರಾಷ್ಟ್ರೀಯ ಪ್ರೋಗ್ರಾಮಿಂಗ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದು 2016ರಲ್ಲಿ ಅಮೆರಿಕದ ಎಂಐಟಿಗೆ ಸೇರಿದರು. ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಇಲ್ಲದ ಕಾರಣ ನಮ್ಮ ಐಐಟಿಗಳ ಬಾಗಿಲು ಅವರಿಗೆ ತೆರೆಯಲಿಲ್ಲ. ಅಂಥ ಪದಕಗಳಿಲ್ಲದ ಮಗುವಿಗೆ ಪ್ರಮಾಣಪತ್ರವೇ ಆಧಾರ.

3. ಶಾಲೆ ಬಿಡಿಸುವ ಮುನ್ನ ಪಡೆಯಬೇಕಾದ ಕಾಗದಗಳು

ಹೆಚ್ಚಿನವರು ಎಡವುವ ಜಾಗ ಇದು. ದಯವಿಟ್ಟು ಇದನ್ನು ಎರಡು ಸಲ ಓದಿ.

ವರ್ಗಾವಣೆ ಪತ್ರ, ಅಂದರೆ ಟಿಸಿ, ಪಡೆಯುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಮಗು ಯಾವ ಯಾವ ತರಗತಿಯನ್ನು ಯಾವ ವರ್ಷ ಎಲ್ಲಿ ಓದಿತು ಎಂಬುದನ್ನು ಹೇಳುವ ವ್ಯಾಸಂಗ ಪ್ರಮಾಣಪತ್ರವನ್ನು ಒಂದನೆಯ ತರಗತಿಯಿಂದ ಓದಿದ ಪ್ರತಿಯೊಂದು ಶಾಲೆಯಿಂದಲೂ ಪಡೆದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ ಅವರ ಮೇಲುಸಹಿ ಮಾಡಿಸಿಕೊಳ್ಳಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ಮೂಲಕ ಸರ್ಕಾರಿ ಸೀಟು ಪಡೆಯಲು ಸಾಮಾನ್ಯವಾಗಿ ಅನ್ವಯಿಸುವ ಅರ್ಹತೆಯ ಪ್ರಕಾರ, ಮಗು ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ಪೂರ್ಣ ಶೈಕ್ಷಣಿಕ ವರ್ಷಗಳನ್ನು ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಮನೆಯಲ್ಲಿ ಓದಿದ ವರ್ಷಕ್ಕೆ ವ್ಯಾಸಂಗ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ. ಎಂಟನೆಯ ತರಗತಿಯವರೆಗೆ ರಾಜ್ಯದಲ್ಲೇ ಓದಿದ ಮಗುವಿಗೆ ಈ ಲೆಕ್ಕ ಸರಿಹೋಗುತ್ತದೆ. ಆರನೆಯ ತರಗತಿಗೆ ಬಿಡಿಸಿದವರಿಗೆ, ಅಥವಾ ಮಧ್ಯದಲ್ಲಿ ಒಂದೆರಡು ವರ್ಷ ಹೊರರಾಜ್ಯದಲ್ಲಿದ್ದು ಬಂದವರಿಗೆ ಸರಿಹೋಗದಿರಬಹುದು. ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ಬೇರೆ ಅರ್ಹತಾ ಷರತ್ತುಗಳೂ ಇವೆ. ಮನೆಯವರೆಲ್ಲ ಕುಳಿತು ಅದನ್ನು ಪೂರ್ತಿ ಓದಿದ ಮೇಲೆಯೇ ಟಿಸಿಗೆ ಅರ್ಜಿ ಹಾಕಿ.

ಇನ್ನೂ ಕಠಿಣವಾದದ್ದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯ ವಿಷಯ. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ದಾಖಲೆ ಬೇಕು. ಹಳ್ಳಿಯ ಕನ್ನಡ ಶಾಲೆಯಲ್ಲಿ ಎಂಟು ವರ್ಷ ಓದಿದ ಮಗುವನ್ನು ಕೊನೆಯ ಎರಡು ವರ್ಷಕ್ಕೆ ಬಿಡಿಸಿದರೆ ಆ ಎಂಟು ವರ್ಷಗಳೂ ಈ ಲೆಕ್ಕದಲ್ಲಿ ವ್ಯರ್ಥವಾಗುತ್ತವೆ. ಇದು ತಿಳಿಯದೆ ಬಿಡಿಸಿ, ಮೂರು ವರ್ಷದ ಮೇಲೆ ಕಣ್ಣೀರು ಹಾಕಿದ ತಾಯಿಯೊಬ್ಬರನ್ನು ನಾನು ನೋಡಿದ್ದೇನೆ. ಎಂಜಿನಿಯರಿಂಗ್ ಅಥವಾ ವೈದ್ಯಕೀಯದ ಆಸೆ ಇರುವ ಅಂಥ ಮಗುವಿಗೆ ಮನೆಶಾಲೆ ಬೇಡವೆಂದೇ ನನ್ನ ಸಲಹೆ.

ಸಣ್ಣ ಸೌಲಭ್ಯಗಳೂ ಕೈತಪ್ಪುತ್ತವೆ. ಶಾಲೆಯಲ್ಲಿರುವ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ಗಣಕದಲ್ಲಿನ ವಿದ್ಯಾರ್ಥಿ ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನ ಮತ್ತು ಬಸ್ ಪಾಸ್ ಶಾಲೆಯ ದಾಖಲಾತಿಯನ್ನು ನೆಚ್ಚಿಕೊಂಡಿವೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಚಿಂತೆ ಕಡಿಮೆಯಾಗಿದೆ, ಗಂಡುಮಕ್ಕಳ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇಲಾಖೆಯ ಶಾಲಾ ಕ್ರೀಡಾಕೂಟಗಳಲ್ಲಿ ಭಾಗವಹಿಸಲು ಆಗುವುದಿಲ್ಲ. ಕ್ರೀಡಾ ಸಂಸ್ಥೆಗಳು ವಯಸ್ಸಿನ ಆಧಾರದಲ್ಲಿ ನಡೆಸುವ ಪಂದ್ಯಗಳಲ್ಲಿ ಆಡಬಹುದು. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆಂದು ಶಿಕ್ಷಕರು ಮನೆಗೆ ಬಂದರೆ ವಾದಕ್ಕೆ ಇಳಿಯದೆ, ನೋಂದಣಿಯ ಗುರುತಿನ ಚೀಟಿ ತೋರಿಸಿ ವಿವರಿಸಿ. ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ.

4. ನೋಂದಣಿ ಮತ್ತು ವಿಷಯಗಳ ಆಯ್ಕೆ

ಇಲ್ಲಿಂದ ಮುಂದೆ ಎನ್‌ಐಒಎಸ್ ದಾರಿಯನ್ನೇ ಹಿಡಿದು ಬರೆಯುತ್ತೇನೆ, ಕೇಳುವವರಲ್ಲಿ ಹೆಚ್ಚಿನವರು ಅದನ್ನೇ ಕೇಳುತ್ತಾರೆ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌-ನವೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಪ್ರತಿ ಪರೀಕ್ಷೆಗೂ ಪ್ರತ್ಯೇಕ ನೋಂದಣಿ ಅವಧಿ ಇರುತ್ತದೆ. ಅರ್ಜಿಯನ್ನು ಅಧಿಕೃತ ಜಾಲತಾಣದಲ್ಲಿ ನೀವೇ ತುಂಬಬಹುದು. ತೇರ್ಗಡೆ ಖಾತ್ರಿ ಎಂದು ಗೋಡೆಗಳ ಮೇಲೆ ಭಿತ್ತಿಪತ್ರ ಅಂಟಿಸಿ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳ ಹತ್ತಿರ ಸುಳಿಯಬೇಡಿ.

ಜನನ ಪ್ರಮಾಣಪತ್ರ, ಆಧಾರ್, ಟಿಸಿ ಮತ್ತು ಅರ್ಜಿ ನಾಲ್ಕರಲ್ಲೂ ಹೆಸರು ಅಕ್ಷರ ಅಕ್ಷರಕ್ಕೆ ಒಂದೇ ಆಗಿರಬೇಕು. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಜನನ ಪ್ರಮಾಣಪತ್ರದಲ್ಲಿ ಬರಿಯ ಹೆಸರು, ಶಾಲೆಯಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಹಿಂದೆ, ಆಧಾರ್‌ನಲ್ಲಿ ಒಂದೇ ಅಕ್ಷರ ಮುಂದೆ, ಹೀಗೆ ಒಬ್ಬಳೇ ಹುಡುಗಿ ಮೂರು ಹೆಸರಿನಲ್ಲಿರುತ್ತಾಳೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಬಂದ ಹೆಸರೂ ಜನ್ಮದಿನಾಂಕವೂ ಜೀವನಪೂರ್ತಿ ಹಿಂಬಾಲಿಸುವುದರಿಂದ, ನೋಂದಣಿಗೆ ನಾಲ್ಕೈದು ತಿಂಗಳು ಮೊದಲೇ ಆಧಾರ್ ತಿದ್ದುಪಡಿ ಮುಗಿಸಿಕೊಳ್ಳಿ.

ವಿಷಯಗಳನ್ನು ಆರಿಸುವಾಗ ಸುಲಭವಾದವನ್ನು ಹುಡುಕುವ ಆಸೆ ಸಹಜ. ಚಿತ್ರಕಲೆ, ಗೃಹ ವಿಜ್ಞಾನ, ದತ್ತಾಂಶ ನಮೂದು ಎಲ್ಲವೂ ಅಲ್ಲಿವೆ, ಅವುಗಳಲ್ಲಿ ಆಸಕ್ತಿ ಇದ್ದರೆ ಖಂಡಿತ ತೆಗೆದುಕೊಳ್ಳಲಿ. ಆದರೆ ಪಿಯುಸಿಯಲ್ಲಿ ವಿಜ್ಞಾನ ಬೇಕೆಂಬ ಯೋಚನೆ ಸ್ವಲ್ಪವಾದರೂ ಇದ್ದರೆ ಗಣಿತ ಮತ್ತು ವಿಜ್ಞಾನ ಎರಡೂ ಪಟ್ಟಿಯಲ್ಲಿರಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಗಣಿತ ಬೇಡವೆಂದ ಮಗು ಹದಿನಾರಕ್ಕೆ ಬೇಕೆನ್ನಬಹುದು. ಕನ್ನಡವನ್ನೂ ಇಂಗ್ಲಿಷನ್ನೂ ಒಟ್ಟಿಗೆ ತೆಗೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮನೆಶಾಲೆಯ ಮಕ್ಕಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಓದುತ್ತಾರೆ, ಪರೀಕ್ಷೆಯ ನೆಪವಾದರೂ ಇಲ್ಲದಿದ್ದರೆ ಕನ್ನಡದಲ್ಲಿ ಒಂದು ಪುಟ ಬರೆಯುವ ಶಕ್ತಿಯೇ ಕಳೆದುಹೋಗುತ್ತದೆ. ಯಾವ ವಿಷಯದ ಪುಸ್ತಕ ಯಾವ ಮಾಧ್ಯಮದಲ್ಲಿದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ವಿವರಣ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಅರ್ಜಿಯಲ್ಲಿ ಅಧ್ಯಯನ ಕೇಂದ್ರವೊಂದನ್ನು ಆರಿಸಬೇಕು. ಎನ್‌ಐಒಎಸ್‌ನಿಂದ ಮಾನ್ಯತೆ ಪಡೆದ ಯಾವುದೋ ಶಾಲೆ ಅದಾಗಿರುತ್ತದೆ. ಸಂಪರ್ಕ ತರಗತಿಗಳೂ ಪ್ರಯೋಗಗಳೂ ಅಲ್ಲೇ ನಡೆಯುತ್ತವೆ. ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಆರಿಸದೆ, ಒಂದು ಶನಿವಾರ ಹೋಗಿ ಪ್ರಯೋಗಾಲಯ ಇದೆಯೇ, ಸಂಪರ್ಕ ತರಗತಿ ನಿಜವಾಗಿ ನಡೆಯುತ್ತದೆಯೇ ಎಂದು ಈಗಾಗಲೇ ಸೇರಿರುವ ಮಕ್ಕಳನ್ನು ಕೇಳಿ.

5. ದಿನಚರಿ

ಶಾಲೆಯ ವೇಳಾಪಟ್ಟಿಯನ್ನು ಹಾಗೆಯೇ ಮನೆಯ ಗೋಡೆಗೆ ಅಂಟಿಸುವುದು ಮೊದಲ ವರ್ಷ ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೆ. ನಲವತ್ತು ನಿಮಿಷಕ್ಕೊಂದು ವಿಷಯ ಎಂಬುದು ಐವತ್ತು ಮಕ್ಕಳ ತರಗತಿಗೆ ಹೊಂದಿಸಿದ ಅಳತೆ. ಒಬ್ಬಳೇ ಕುಳಿತು ಓದುವವಳಿಗೆ ಬೆಳಿಗ್ಗೆ ಎರಡು ಗಂಟೆ ಗಣಿತ ಒಂದನ್ನೇ ಬಿಡದೆ ಮಾಡುವ ಅವಕಾಶವಿದೆ, ಮನೆಶಾಲೆಯ ನಿಜವಾದ ಸುಖ ಅದೇ. ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು ಇಷ್ಟು: ಬೆಳಿಗ್ಗೆ 8 ರಿಂದ 10 ಕಷ್ಟದ ಒಂದು ವಿಷಯ, ತಿಂಡಿಯ ನಂತರ ಒಂದೂವರೆ ಗಂಟೆ ಇನ್ನೊಂದು ವಿಷಯ, ಮಧ್ಯಾಹ್ನ ಪುಸ್ತಕ ಓದು, ಸಂಜೆ ಮನೆಯಿಂದ ಹೊರಗೆ. ಕೂತು ಓದುವ ಕೆಲಸ ದಿನಕ್ಕೆ ನಾಲ್ಕು ಗಂಟೆ ಮೀರಬೇಕಾಗಿಲ್ಲ, ಆದರೆ ಆ ನಾಲ್ಕು ಗಂಟೆಗೆ ನೆಂಟರು ಬಂದರೂ ರಿಯಾಯಿತಿ ಇರಬಾರದು. ಮನೆಯಲ್ಲೇ ಇದ್ದಾಳಲ್ಲ ಎಂದು ಹಾಲು ತರುವುದು, ಸಿಲಿಂಡರ್ ಬಂದರೆ ಬಾಗಿಲು ತೆಗೆಯುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲ ಮಗುವಿನ ಪಾಲಿಗೆ ಬಂದು ಬೀಳುತ್ತವೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಇದನ್ನು ಮನೆಯ ಹಿರಿಯರ ಜೊತೆ ಮೊದಲ ವಾರವೇ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ.

ಎಲ್ಲ ವಿಷಯವನ್ನೂ ನೀವೇ ಕಲಿಸಬೇಕಾಗಿಲ್ಲ. ಪಠ್ಯಗಳ ಪ್ರತಿಯೂ ವಿಡಿಯೊ ಪಾಠಗಳೂ ಎನ್‌ಐಒಎಸ್ ಜಾಲತಾಣದಲ್ಲಿ, ದೀಕ್ಷಾ ಆ್ಯಪ್‌ನಲ್ಲಿ, ಸ್ವಯಂಪ್ರಭಾ ವಾಹಿನಿಗಳಲ್ಲಿ ಉಚಿತವಾಗಿ ಇವೆ. ಗಣಿತಕ್ಕೆ ಮಾತ್ರ, ನಿಮಗೆ ಆತ್ಮವಿಶ್ವಾಸವಿಲ್ಲದಿದ್ದರೆ, ವಾರಕ್ಕೆ ಎರಡು ದಿನ ಮೇಷ್ಟರೊಬ್ಬರನ್ನು ಗೊತ್ತುಮಾಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಹತ್ತಿರದಲ್ಲಿದ್ದರೆ ಅಲ್ಲಿ ಕುಳಿತು ಓದುವ ಅಭ್ಯಾಸ ಮಾಡಿಸಿ; ಬೇರೆಯವರ ನಡುವೆ ಓದುವುದೂ ಒಂದು ಕಲಿಕೆ.

6. ಟಿಎಂಎ ಮತ್ತು ಪ್ರಯೋಗಗಳು

ಟಿಎಂಎ ಎಂದರೆ ಮನೆಯಲ್ಲಿ ಬರೆದು ಸಲ್ಲಿಸುವ ನಿಯೋಜಿತ ಕಾರ್ಯ. ಪ್ರತಿ ವಿಷಯಕ್ಕೂ ಒಂದಿರುತ್ತದೆ: ಎರಡು ಅಂಕದ ಮೂರು, ನಾಲ್ಕು ಅಂಕದ ಎರಡು, ಆರು ಅಂಕದ ಒಂದು ಪ್ರಾಜೆಕ್ಟ್, ಒಟ್ಟು 20 ಅಂಕ. ತೇರ್ಗಡೆಗೆ ಶೇ 33 ಸಾಕಾಗಿರುವಾಗ ಈ 20 ಅಂಕಗಳ ಬೆಲೆ ಎಷ್ಟೆಂದು ನೀವೇ ಊಹಿಸಿ. ಆದರೂ ಕೊನೆಯ ದಿನಾಂಕ ಕಳೆದುಕೊಳ್ಳುವವರು ಬಹಳ, ಏಕೆಂದರೆ ನೆನಪಿಸಲು ತರಗತಿಯ ಶಿಕ್ಷಕರಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಮಗು ತನ್ನ ಕೈಯಿಂದಲೇ ಬರೆಯಲಿ, ನಕಲು ಬೇಡ. ಸಲ್ಲಿಸುವ ಮುನ್ನ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಸಲ್ಲಿಸಿದ ಮೇಲೆ ಸ್ವೀಕೃತಿಯನ್ನು ಮುದ್ರಿಸಿಕೊಳ್ಳಿ. ನನ್ನ ಮಗಳ ಒಂದು ವಿಷಯದ ಅಂಕಗಳನ್ನು ನಾವು ಸೇರಿದ್ದ ಕೇಂದ್ರದವರು ದಾಖಲಿಸುವುದನ್ನೇ ಮರೆತಿದ್ದರು. ಪುಟಗಳ ಚಿತ್ರವೂ ಸ್ವೀಕೃತಿಯೂ ಕೈಯಲ್ಲಿದ್ದುದರಿಂದ ಮೂರು ಸಲ ಓಡಾಡಿದ ಮೇಲೆ ಸರಿಹೋಯಿತು.

ವಿಜ್ಞಾನಕ್ಕೆ ಪ್ರಯೋಗ ಪರೀಕ್ಷೆ ಇದೆ, ಅದರಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕು. ಪರೀಕ್ಷೆಯ ದಿನವೇ ಮೊದಲ ಸಲ ವರ್ನಿಯರ್ ಕ್ಯಾಲಿಪರ್ ಮುಟ್ಟುವ ಸ್ಥಿತಿ ಮಗುವಿಗೆ ಬರಬಾರದು. ಅಧ್ಯಯನ ಕೇಂದ್ರದ ಪ್ರಯೋಗ ತರಗತಿಗಳಿಗೆ ತಪ್ಪದೆ ಕಳಿಸಿ. ಉಳಿದದ್ದನ್ನು ಅಡುಗೆಮನೆಯಲ್ಲಿ ಮಾಡಿಸಿ. ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದ ನೀರಿಗೆ ನಿಂಬೆರಸ ಹಿಂಡಿದರೆ ಗಾಢ ಗುಲಾಬಿಯಾಗುತ್ತದೆ, ಅಡುಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ಪುಸ್ತಕದಲ್ಲಿ ಮೂರು ಸಲ ಓದಿಯೂ ಮುಖ ಸಪ್ಪೆ ಮಾಡಿಕೊಂಡಿದ್ದ ಮಗಳು, ಎರಡು ಗಾಜಿನ ಲೋಟಗಳ ಬಣ್ಣ ಬದಲಾದುದನ್ನು ನೋಡಿ ತಾನಾಗಿ ಮನೆಯಲ್ಲಿದ್ದ ಮಜ್ಜಿಗೆ, ಸಾಬೂನು ನೀರು, ಹುಣಸೆ ರಸ ಎಲ್ಲವನ್ನೂ ಪರೀಕ್ಷಿಸಿ ಪಟ್ಟಿ ಮಾಡಿದಳು.

7. ಬರೆಯುವ ಅಭ್ಯಾಸ

ಮನೆಯಲ್ಲಿ ಓದಿದ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಬಾಯಲ್ಲಿ ಚೆನ್ನಾಗಿ ಹೇಳುತ್ತಾರೆ, ಆದರೆ ಮೂರು ಗಂಟೆ ಕುಳಿತು ಬರೆಯಲು ಆಗುವುದಿಲ್ಲ. ಶಾಲೆಯಲ್ಲಿ ಟಿಪ್ಪಣಿ, ಕಿರುಪರೀಕ್ಷೆ, ಮನೆಕೆಲಸ ಎಂದು ದಿನವೂ ಆಗುವ ಬರವಣಿಗೆ ಇಲ್ಲಿ ಇರುವುದಿಲ್ಲವಲ್ಲ. ನಮ್ಮ ಮನೆಯ ಮೊದಲ ಮಾದರಿ ಪರೀಕ್ಷೆಯಲ್ಲಿ ಒಂದು ಗಂಟೆಗೆ ಮಗಳ ಬೆರಳು ಹಿಡಿದುಕೊಂಡಿತು, ಕೊನೆಯ ಎರಡು ಪುಟ ಖಾಲಿ ಉಳಿಯಿತು. ಪರೀಕ್ಷೆಗೆ ಆರು ತಿಂಗಳು ಇರುವಾಗಿನಿಂದ ದಿನಕ್ಕೆ ಎರಡು ಪುಟ, ಕೊನೆಯ ಮೂರು ತಿಂಗಳು ವಾರಕ್ಕೊಂದು ಪೂರ್ಣ ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ಎದುರಿಗಿಟ್ಟು ಬರೆಸಿ. ಉತ್ತರಪತ್ರಿಕೆಯನ್ನು ನೀವು ತಿದ್ದಬೇಡಿ, ಪರಿಚಯದ ನಿವೃತ್ತ ಶಿಕ್ಷಕರಿದ್ದರೆ ಅವರಿಂದ ತಿದ್ದಿಸಿ. ತಾಯಿಯ ಕೆಂಪು ಗೆರೆಗೆ ಮಗು ಮುನಿಸಿಕೊಳ್ಳುತ್ತದೆ, ಮೇಷ್ಟರ ಗೆರೆಯನ್ನು ಒಪ್ಪಿಕೊಳ್ಳುತ್ತದೆ.

8. ಒಂಟಿತನ, ಮತ್ತು ಓದಿಸುವವರ ದಣಿವು

ಮನೆಶಾಲೆಯ ಕಷ್ಟಗಳಲ್ಲಿ ಇದಕ್ಕೆ ಸಿದ್ಧ ಪರಿಹಾರವಿಲ್ಲ. ಹದಿನೈದರ ವಯಸ್ಸಿನಲ್ಲಿ ಅಪ್ಪ ಅಮ್ಮನಿಗಿಂತ ಗೆಳೆಯರೇ ಮುಖ್ಯ, ಹಾಗೆ ಇರಬೇಕಾದ್ದೂ ಸರಿ. ಹಳೆಯ ಶಾಲೆಯ ಗೆಳತಿಯರು ಮೊದಲ ಮೂರು ತಿಂಗಳು ಫೋನ್ ಮಾಡುತ್ತಾರೆ, ಆಮೇಲೆ ಅವರ ಮಾತಿನಲ್ಲಿ ಬರುವ ಹೊಸ ಶಿಕ್ಷಕರು, ಪ್ರವಾಸ, ಜಗಳ ಯಾವುದೂ ನಿಮ್ಮ ಮಗಳಿಗೆ ಗೊತ್ತಿರುವುದಿಲ್ಲ. ವಾರಕ್ಕೆ ಕನಿಷ್ಠ ಮೂರು ದಿನ ಅದೇ ವಯಸ್ಸಿನವರ ಜೊತೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಸೇರುವ ಏರ್ಪಾಡು ಬೇಕು: ಕಬಡ್ಡಿ ತಂಡ, ಸಂಗೀತ ತರಗತಿ, ನಾಟಕದ ಗುಂಪು, ಯಕ್ಷಗಾನದ ಕಲಿಕೆ, ಯಾವುದಾದರೂ ಆಗಬಹುದು. ಅಪರೂಪಕ್ಕೊಮ್ಮೆ ನಡೆಯುವ ಶಿಬಿರಗಳಿಂದ ಗೆಳೆತನ ಬೆಳೆಯುವುದಿಲ್ಲ. ಮಗು ಹಗಲಲ್ಲೂ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ನಿದ್ರೆಯ ಹೊತ್ತು ತಲೆಕೆಳಗಾಗುವುದು, ಇಷ್ಟದ ಕೆಲಸವೂ ಬೇಡವಾಗುವುದು ಎರಡು ವಾರಕ್ಕಿಂತ ಹೆಚ್ಚು ಕಂಡರೆ ಪಾಠ ನಿಲ್ಲಿಸಿ, ವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ.

ಓದಿಸುವ ಹೊಣೆ ಹೆಚ್ಚಿನ ಮನೆಗಳಲ್ಲಿ ತಾಯಿಯ ಮೇಲೆಯೇ ಬೀಳುತ್ತದೆ. ಅಡುಗೆ, ಮನೆಗೆಲಸ, ಕೆಲವರಿಗೆ ಹೊರಗಿನ ಉದ್ಯೋಗ, ಅದರ ಮೇಲೆ ಇಡೀ ಪಠ್ಯಕ್ರಮ. ತಂದೆ ಕನಿಷ್ಠ ಎರಡು ವಿಷಯಗಳ ಪೂರ್ತಿ ಹೊಣೆ ಹೊರದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ. ಅಂಕ ಕಡಿಮೆ ಬಂದರೆ ನಿನ್ನಿಂದಲೇ ಆಯಿತು ಎನ್ನಲು, ಜಾಸ್ತಿ ಬಂದರೆ ಮಗು ಜಾಣೆ ಎನ್ನಲು ಬಂಧುಗಳು ಸಿದ್ಧರಿರುತ್ತಾರೆ. ಮದುವೆ ಮನೆಗಳಲ್ಲಿ ಯಾವ ಸ್ಕೂಲು ಎಂದು ಕೇಳಿದಾಗ ಏನು ಹೇಳಬೇಕೆಂಬುದನ್ನು ಮಗುವೇ ತೀರ್ಮಾನಿಸಲಿ.

9. ಹತ್ತರ ನಂತರ

ಏಪ್ರಿಲ್‌-ಮೇ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಪಿಯು ಕಾಲೇಜುಗಳಲ್ಲಿ ಪ್ರವೇಶ ಶುರುವಾಗಿ ಒಳ್ಳೆಯ ಸೀಟುಗಳು ತುಂಬಿರಬಹುದು. ಆದ್ದರಿಂದ ಸಾಧ್ಯವಾದರೆ ಅದರ ಹಿಂದಿನ ಅಕ್ಟೋಬರ್‌-ನವೆಂಬರ್‌ನಲ್ಲೇ ಬರೆಸಿ. ಒಂದು ವಿಷಯ ಉಳಿದರೂ ಏಪ್ರಿಲ್ ಕೈಯಲ್ಲಿರುತ್ತದೆ. ಸೇರಬೇಕೆಂದಿರುವ ಕಾಲೇಜಿಗೆ ಆರು ತಿಂಗಳು ಮುಂಚೆಯೇ ಹೋಗಿ, ಎನ್‌ಐಒಎಸ್ ವಿದ್ಯಾರ್ಥಿಯಿಂದ ಯಾವ ಯಾವ ಕಾಗದ ಕೇಳುತ್ತೀರಿ ಎಂದು ಪ್ರಾಂಶುಪಾಲರನ್ನೇ ಕೇಳಿ ಬರೆದುಕೊಳ್ಳಿ. ಕೌಂಟರಿನಲ್ಲಿ ಕುಳಿತವರು ಇದು ನಡೆಯುವುದಿಲ್ಲ ಎಂದ ಮಾತ್ರಕ್ಕೆ ಹಿಂತಿರುಗಬೇಡಿ.

ಹನ್ನೆರಡನೆಯ ತರಗತಿಯನ್ನೂ ಎನ್‌ಐಒಎಸ್‌ನಲ್ಲೇ ಮಾಡುವುದಾದರೆ, ಹತ್ತು ತೇರ್ಗಡೆಯಾದ ಎರಡು ವರ್ಷದ ನಂತರವೇ ಹನ್ನೆರಡರ ತೇರ್ಗಡೆ ಪ್ರಮಾಣಪತ್ರ ಸಿಗುತ್ತದೆ ಎಂಬುದು ನೆನಪಿರಲಿ. ಮೊದಲ ವರ್ಷ ಗರಿಷ್ಠ ನಾಲ್ಕು ವಿಷಯ ಬರೆಯಬಹುದು. ಐದು ವಿಷಯಗಳೊಂದಿಗೆ ತೇರ್ಗಡೆಯಾದವರು ಜೆಇಇ ಬರೆಯಬಹುದು. ಮುಕ್ತ ಶಾಲೆಯವರಿಗೆ ನೀಟ್ ಪರೀಕ್ಷೆಗೆ ಅವಕಾಶವಿಲ್ಲ ಎಂಬ ಹಳೆಯ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು, ಆಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಈ ಶಾಲೆಗಳನ್ನು ಒಪ್ಪಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ವಿಷಯಗಳು ಇರಲೇಬೇಕು. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಹನ್ನೆರಡರ ಅಂಕಗಳೂ ಸಿಇಟಿ ಅಂಕಗಳೂ ಸಮಪಾಲಾಗಿ ಸೇರುವುದರಿಂದ ಬರಿಯ ತೇರ್ಗಡೆಗೆ ತೃಪ್ತರಾಗುವಂತಿಲ್ಲ.

ಮಧ್ಯದಲ್ಲಿ ಮಗು ಶಾಲೆಗೇ ಹೋಗುತ್ತೇನೆ ಎಂದರೆ ಸೋಲೆಂದು ಭಾವಿಸದೆ ಕಳಿಸಿ. ಒಂಬತ್ತನೆಯ ತರಗತಿಗೆ ಮರಳುವುದು ಸುಲಭ. ಹತ್ತರ ಮಧ್ಯದಲ್ಲಿ ಸೇರಿಸಿಕೊಳ್ಳುವ ಶಾಲೆ ಸಿಗುವುದು ಕಷ್ಟ. ಹಾಗಾಗಿ ಮೊದಲ ವರ್ಷದ ಏಪ್ರಿಲ್‌ನಲ್ಲಿ ಮಗುವನ್ನು ಮತ್ತೊಮ್ಮೆ ಕೂರಿಸಿಕೊಂಡು ಮುಂದುವರಿಸೋಣವೇ ಎಂದು ಕೇಳಿ, ಅದರ ಉತ್ತರ ಬರುವವರೆಗೆ ಎರಡನೆಯ ವರ್ಷದ ಶುಲ್ಕ ಕಟ್ಟಬೇಡಿ.

ಫಲಿತಾಂಶದ ನಂತರ ಅಂಕಪಟ್ಟಿಯ ಜೊತೆ ವಲಸೆ ಪ್ರಮಾಣಪತ್ರವೂ ಬರುತ್ತದೆ. ಒಂದು ಮಂಡಳಿಯಿಂದ ಇನ್ನೊಂದಕ್ಕೆ ಹೋಗಲು ಅನುಮತಿಸುವ ಆ ಹಾಳೆಯ ಮೂಲಪ್ರತಿಯನ್ನು ಕಾಲೇಜಿನವರು ತೆಗೆದುಕೊಳ್ಳುತ್ತಾರೆ. ಕೊಡುವ ಮುನ್ನ ಐದಾರು ಪ್ರತಿ ಮಾಡಿಸಿ ದೃಢೀಕರಿಸಿ ಇಟ್ಟುಕೊಳ್ಳಿ. ಹೆಸರು, ಜನ್ಮದಿನಾಂಕ, ತಂದೆ ತಾಯಿಯ ಹೆಸರುಗಳ ಅಕ್ಷರಗಳನ್ನು ಕೈಗೆ ಬಂದ ದಿನವೇ ಪರೀಕ್ಷಿಸಿ, ತಪ್ಪಿದ್ದರೆ ಆ ವಾರವೇ ಪ್ರಾದೇಶಿಕ ಕೇಂದ್ರಕ್ಕೆ ತಿದ್ದುಪಡಿ ಅರ್ಜಿ ಹಾಕಿ. ಮತ್ತು ಅಂಕಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುಂದೆ ಅದರ ಹಿಂಬದಿಯಲ್ಲಿ ಮೊಹರು ಹಾಕಬೇಕಾದ ಸಂದರ್ಭ ಬಂದರೆ ತೊಂದರೆಯಾಗುತ್ತದೆ.